ರೊಟ್ಟಿ ಮುಟ್ಟದೆ ಹೊರಟವರ ಅಂತ್ಯ

ಬೆಟ್ಟದ ಊರು ಕರಾಕೋಲ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬುರುಲ್ಚಾ ಆಗಲೇ ಎರಡು ಸಲ ಸತ್ತಿದ್ದಾರೆ. ಒಮ್ಮೆ ಹಿಮದಲ್ಲಿ ದಾರಿ ತಪ್ಪಿ, ಇನ್ನೊಮ್ಮೆ ಬಾವಿಯೊಳಗಿಂದ ಯಾರೋ ಹೆಸರು ಹಿಡಿದು ಕರೆದಾಗ 'ಓ' ಎಂದುಬಿಟ್ಟು. "ಇವೆರಡೂ ಸರಿಯಾಗೇ ಇವೆ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಎದ್ದು ಒಲೆಗೆ ಕಲ್ಲಿದ್ದಲು ಹಾಕಿ, ಹಾಲು ಬೆರೆಸಿದ ಚಹಾವನ್ನು ಒಂದು ಗುಟುಕು ಕುಡಿದು, ಕಂಪ್ಯೂಟರಿನ ಮುಂದೆ ಮತ್ತೆ ಸಾಯಲು ಕೂರುತ್ತಾರೆ.

ಸಾಯುವುದೇ ಅವರ ಕೆಲಸ. ಮರದ ಹಳೇ ಮನೆಯೊಂದರ ಹಿಂಬದಿಯ ಕೋಣೆಯಲ್ಲಿ ಉಲಾರ್‌ಬೆಕ್ ಮತ್ತು ಬೇಗಾಯಿಮ್ ಎಂಬ ಇಬ್ಬರು ಎಳೆಯರು ಸೇರಿ ಭಯದ ಆಟವೊಂದನ್ನು ಕಟ್ಟಿದ್ದಾರೆ. ಕಥೆ ಬರೆಯುವವನು ಉಲಾರ್‌ಬೆಕ್. ಚಿತ್ರ ಬರೆದು, ಕಂಪ್ಯೂಟರಿಗೆ ತಿಳಿಯುವ ಭಾಷೆಗೆ ಇಳಿಸುವವಳು ಬೇಗಾಯಿಮ್. ಹಿಮಗಾಳಿಗೆ ಸಿಕ್ಕ ಪ್ರಯಾಣಿಕನೊಬ್ಬ ಕಣಿವೆಯ ಒಂಟಿ ಮನೆಗೆ ಬರುತ್ತಾನೆ. ಬಾಗಿಲು ತೆರೆಯುವುದು ಒಬ್ಬ ಅಜ್ಜಿ. ಅವಳು ಮನುಷ್ಯಳೋ, ಹಳದಿ ಕೂದಲಿನ ಅಲ್ಬಾರ್ಸ್ತಿ ದೆವ್ವವೋ ಗೊತ್ತಿಲ್ಲ. ಹೆಸರು ಹೇಳಬೇಕೇ, ಒಲೆಯ ಹತ್ತಿರ ಕೂರಬೇಕೇ, ಕಿಟಕಿ ತೆರೆಯಬೇಕೇ, ಎಲ್ಲವೂ ಆಡುವವರ ಆಯ್ಕೆ. ಆಯ್ಕೆಗೆ ತಕ್ಕಂತೆ ಕೊನೆ. ಆ ಕೊನೆಗಳಿಗೆ ಹೋಗುವ ದಾರಿಗಳನ್ನೆಲ್ಲ ಜನರಿಗಿಂತ ಮೊದಲು ತುಳಿದು, ಎಲ್ಲಿ ಕುಸಿಯುತ್ತದೆ, ಎಲ್ಲಿ ಸಿಕ್ಕಿಬೀಳುತ್ತದೆ ಎಂದು ನೋಡುವವರು ಬುರುಲ್ಚಾ. ಚಳಿಗಾಲದ ಸಂಜೆ ವಿದ್ಯುತ್ತು ಬಂದರೆ ಬಂತು, ಹೋದರೆ ಹೋಯಿತು. ನಸುಕಿನಲ್ಲಿ ಮಾತ್ರ ಅದನ್ನು ನಂಬಬಹುದು. ಹಾಗಾಗಿ ಊರು ಏಳುವ ಮೊದಲೇ ಅವರು ಬಂದು ಕೂರುತ್ತಾರೆ.

ಇದಕ್ಕೂ ಮೊದಲು ಅವರು ಬಹಳ ವರ್ಷ ರಾಜಧಾನಿ ಬಿಷ್ಕೆಕ್‌ನ ಹೊಲಿಗೆ ಕಾರ್ಖಾನೆಯಲ್ಲಿದ್ದರು. ಹೊಲಿಯುವ ಕೆಲಸವಲ್ಲ. ಬೇರೆಯವರು ಹೊಲಿದಿಟ್ಟ ಅಂಗಿಗಳ ಒಂದೊಂದು ಹೊಲಿಗೆಯನ್ನೂ ಎರಡೂ ಕೈಯಲ್ಲಿ ಹಿಡಿದು ಜಗ್ಗುವ ಕೆಲಸ. "ಬಿಡೋ ಹೊಲಿಗೆ ನನ್ನ ಕೈಯಲ್ಲೇ ಬಿಡ್ಲಿ, ಕೊಂಡವರ ಮೈಮೇಲೆ ಬಿಡೋದು ಬೇಡ," ಎನ್ನುತ್ತಾರೆ. ಕಾರ್ಖಾನೆ ಮುಚ್ಚಿತು, ಊರಿಗೆ ಮರಳಿದರು. ಪಕ್ಕದ ಮನೆಯ ಬೇಗಾಯಿಮ್ ಒಂದು ದಿನ ಕರೆದು, "ಎಜೆ, ಸ್ವಲ್ಪ ಆಡಿ ನೋಡಿ, ಹೆದರಿಕೆ ಆಗುತ್ತಾ ಹೇಳಿ," ಎಂದಳು. ಎಜೆ ಎಂದರೆ ಅಕ್ಕ. ಅಕ್ಕನಿಗೆ ಹೆದರಿಕೆ ಆಗಲಿಲ್ಲ. "ಈ ಪೆಟ್ಟಿಗೆ ಮೇಲೆ ಕೂತ್ರೆ ನಿನ್ನ ಪ್ರಯಾಣಿಕ ಏಳೋದೇ ಇಲ್ವಲ್ಲೇ, ಕಾಲು ನೋವಾ?" ಎಂದು ಕೇಳಿದರು. ಅಂದಿನಿಂದ ಅವರ ಕುರ್ಚಿ ಅಲ್ಲಿ ಖಾಯಂ.

ಕಳೆದ ಬೇಸಿಗೆಯ ಕೊನೆಗೆ ಆಟದ ಆರು ಅಂತ್ಯಗಳೂ ಸುಸೂತ್ರವಾಗಿ ತೆರೆದವು. "ಎಲ್ಲ ಹೊಲಿಗೆ ಗಟ್ಟಿ ಇದೆ," ಎಂದು ಬುರುಲ್ಚಾ ಮಾತು ಕೊಟ್ಟರು. ಆ ಮಾತಿನ ಮೇಲೆ ಆಟವನ್ನು ಮಾರಾಟಕ್ಕೆ ಬಿಡುವ ದಿನ ಗೊತ್ತಾಯಿತು. ಅದಕ್ಕೆ ಮುಂಚೆ ಒಮ್ಮೆ ಇರಲಿ ಎಂದು ದೂರದ ದೇಶಗಳ ಕೆಲವರಿಗೆ ಆಡಲು ಕಳುಹಿಸಿದರು. ಉತ್ತರಗಳು ಬಂದವು, ಬಹುತೇಕ ಎಲ್ಲದರಲ್ಲೂ ಒಂದೇ ದೂರು: ಅಜ್ಜಿಯ ಮನೆಯಿಂದ ಹೊರಗೆ ಹೊಸ್ತಿಲು ದಾಟುತ್ತಲೇ ಪರದೆ ಕಪ್ಪಾಗುತ್ತದೆ, ಆಟ ಅಲ್ಲಿಗೇ ನಿಲ್ಲುತ್ತದೆ. ಒಬ್ಬ ಪುಣ್ಯಾತ್ಮ ಮಾತ್ರ ಅದನ್ನೇ ಗುಟ್ಟಿನ ಅಂತ್ಯ ಎಂದುಕೊಂಡು ಬಾಯ್ತುಂಬ ಹೊಗಳಿದ್ದ.

ಮೂವರೂ ಕೂತು ಆಡಿದರು. ಒಬ್ಬರಾದ ಮೇಲೊಬ್ಬರು ಹೊಸ್ತಿಲು ದಾಟಿದರು. ಪರದೆ ಕಪ್ಪಾಗಲಿಲ್ಲ. ಅಂಗಳ, ಹಿಮ, ಬಾವಿ, ಎಲ್ಲ ಇದ್ದಲ್ಲೇ ಇದ್ದವು. "ನೀವು ಅಲ್ಲಿ ಏನು ಮಾಡಿದಿರಿ?" ಎಂದು ಬರೆದು ಕೇಳಿದರೆ, "ಏನೂ ಇಲ್ಲ, ಎದ್ದು ಹೊರಟೆವು ಅಷ್ಟೆ," ಎಂಬ ಉತ್ತರ.

"ನಾವೂ ಎದ್ದು ಹೊರಟಿದ್ದೇ ತಾನೇ?" ಉಲಾರ್‌ಬೆಕ್ ತಲೆ ಹಿಡಿದುಕೊಂಡ. "ಅವರ ಕಂಪ್ಯೂಟರಿಗೇ ದೆವ್ವ ಹಿಡಿದಿರ್ಬೇಕು."

"ಎಲ್ಲರ ಕಂಪ್ಯೂಟರಿಗೂ ಒಂದೇ ದೆವ್ವ ಹಿಡಿಯುತ್ತಾ? ಬುದ್ಧಿ ಇದ್ಯೇನೋ ನಿಂಗೆ?" ಎಂದಳು ಬೇಗಾಯಿಮ್.

ನಗುವಂಥ ಹೊತ್ತಲ್ಲ ಅದು. ಹೀಗೇ ಬಿಟ್ಟರೆ ಕೊಂಡವರೆಲ್ಲ ಬೈದು ಹಿಂದಿರುಗಿಸುತ್ತಾರೆ. ಆಟ ಬಿದ್ದರೆ ಈ ಕೋಣೆಗೂ ಬೀಗ. ಇಬ್ಬರು ಎಳೆಯರು ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ. ಬುರುಲ್ಚಾ ಮತ್ತೆ ಗಂಟುಮೂಟೆ ಕಟ್ಟಿ ರಾಜಧಾನಿಯ ಯಾವುದೋ ಕಾರ್ಖಾನೆಯ ಬಾಗಿಲು ತಟ್ಟಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಅವರನ್ನು ಕೊರೆದದ್ದು ತಾವು ಕೊಟ್ಟ ಮಾತು. "ಗಟ್ಟಿ ಇದೆ ಅಂದೋಳು ನಾನು. ಎಲ್ಲೋ ಹೊಲಿಗೆ ಬಿಟ್ಟಿದೆ, ನನ್ನ ಕೈಗೆ ಸಿಗ್ತಿಲ್ಲ. ಅನ್ನ ಇಳೀಲಿಲ್ಲ ನಂಗೆ."

ಬಿಟ್ಟ ಹೊಲಿಗೆ ಸಿಕ್ಕಿದ್ದು ಅವರ ಸ್ವಂತ ಮನೆಯಲ್ಲಿ. ತಾಯಿ ಸೋನುನ್ಬು ಬೆಟ್ಟ ಹತ್ತಲು ಬರುವ ವಿದೇಶಿಯರಿಗೆ ಒಂದು ಕೋಣೆ ಬಾಡಿಗೆಗೆ ಕೊಡುತ್ತಾರೆ. ಅಂದು ಬೆಳಿಗ್ಗೆ ಊಟದ ಹಾಸು ಹರಡಿ, ತಂದೂರಿನ ರೊಟ್ಟಿ, ಏಪ್ರಿಕಾಟ್ ಪಾಕ, ಕೆನೆ ಎಲ್ಲ ಇಟ್ಟಿದ್ದರು. ತಂಗಿದ್ದ ಹುಡುಗಿ ಬಸ್ಸಿಗೆ ಹೊತ್ತಾಯಿತೆಂದು ಚೀಲ ಬೆನ್ನಿಗೇರಿಸಿ ಹೊರಟೇಬಿಟ್ಟಳು. ಮುದುಕಿ ರೊಟ್ಟಿ ಹಿಡಿದು ಹಿಂದೆಯೇ ಓಡಿದರು. "ಒಂದು ಚೂರು ಬಾಯಿಗೆ ಮುಟ್ಟಿಸಿಯಾದ್ರೂ ಹೋಗೇ ತಾಯೀ!" ಹುಡುಗಿ ನಗುತ್ತ ಕೈ ಬೀಸಿದಳು, ತಿರುವಿನಲ್ಲಿ ಮರೆಯಾದಳು.

"ನೋಡೇ ಬುರುಲ್ಚಾ, ಹೊರಟೇ ಹೋದ್ಳು!" ಸೋನುನ್ಬು ಅಲ್ಲೇ ನಿಂತಿದ್ದರು, ಕೈಯಲ್ಲಿ ರೊಟ್ಟಿ. "ನಮ್ಮನೇಲಿ ದೆವ್ವ ಇದೆ ಅಂದ್ಕೊಂಡ್ಳೋ ಏನೋ. ನೀನು ಬಿಷ್ಕೆಕ್‌ಗೆ ಹೋಗುವಾಗ ಅಳ್ತಾ ಅಳ್ತಾನಾದ್ರೂ ರೊಟ್ಟಿ ಕಚ್ಚಿದ್ದೆ. ಅದಕ್ಕೇ ತಿರುಗಿ ಬಂದೆ. ಇವಳು ಇನ್ನು ಬರಲ್ಲ ಬಿಡು."

ಬುರುಲ್ಚಾ ಕಾಲಿಗೆ ಸಿಕ್ಕಿದ ಚಪ್ಪಲಿ ಮೆಟ್ಟಿ ಕೆಲಸದ ಕೋಣೆಗೆ ನಡೆದರು. (ಹೊರಡುವ ಮುನ್ನ ಒಂದು ಚೂರು ರೊಟ್ಟಿ ಬಾಯಿಗೆ ಹಾಕಿಕೊಂಡಿದ್ದರು ಎಂಬುದನ್ನು ತಾಯಿ ಮರೆಯದೆ ಹೇಳುತ್ತಾರೆ.)

ಆಟದ ಅಜ್ಜಿಯ ಹಾಸಿನ ಮೇಲೂ ಒಂದು ರೊಟ್ಟಿ ಇದೆ. ಮುಟ್ಟು ಎಂದು ಆಟ ಎಲ್ಲಿಯೂ ಹೇಳುವುದಿಲ್ಲ. ಆದರೂ ಉಲಾರ್‌ಬೆಕ್, ಬೇಗಾಯಿಮ್, ಬುರುಲ್ಚಾ, ಆಡಿ ನೋಡಲು ಬಂದ ನೆಂಟರಿಷ್ಟರು, ಒಬ್ಬರೂ ಬಿಡದೆ ಹೊಸ್ತಿಲು ದಾಟುವ ಮುನ್ನ ಅದನ್ನು ಮುಟ್ಟಿಯೇ ದಾಟಿದ್ದರು. ಮುಟ್ಟಿದ್ದು ಅವರಿಗೇ ಗೊತ್ತಿರಲಿಲ್ಲ. ದೆವ್ವದ ಮನೆಯಾದರೇನು, ಹಾಸಿದ ಮೇಲೆ ರುಚಿ ನೋಡದೆ ಏಳುವುದುಂಟೇ? ಬುರುಲ್ಚಾ ಅಂದು, ತಾನಾಗೇ ರೊಟ್ಟಿಗೆ ಚಾಚುವ ಬಲಗೈಯನ್ನು ಮಂಡಿಯ ಕೆಳಗೆ ಒತ್ತಿಟ್ಟು, ಎಡಗೈಯಲ್ಲಿ ಮೌಸ್ ಹಿಡಿದು, ನೇರ ಬಾಗಿಲಿಗೆ ನಡೆದರು. ಪರದೆ ಕಪ್ಪಾಯಿತು.

"ಅಯ್ಯೋ ಎಜೆ," ಬೇಗಾಯಿಮ್ ಬಾಯಿಗೆ ಕೈ ಅಡ್ಡ ಹಿಡಿದಳು. "ರೊಟ್ಟಿ ಅಗಿಯೋ ಸದ್ದು ಮುಗಿದ ಮೇಲೆ ಅಂಗಳ ಬರ್ಲಿ ಅಂತ ಬರೆದಿದ್ದೀನಿ. ಮುಟ್ಟದೆ ಹೋಗೋರಿಗೆ ದಾರೀನೇ ಇಟ್ಟಿಲ್ಲ. ಅಂಥೋರು ಇರ್ತಾರೆ ಅಂತ ಹೊಳೀಲೇ ಇಲ್ಲ!"

ಉಲಾರ್‌ಬೆಕ್‌ಗೆ ಜೀವ ಬಂದಂತಾಯಿತು. "ಸುಲಭ. ರೊಟ್ಟಿ ಮುಟ್ಟೋವರೆಗೂ ಬಾಗಿಲು ತೆರೀದ ಹಾಗೆ ಮಾಡಿಬಿಡು. ಒಂದು ಗಳಿಗೆ ಕೆಲಸ."

"ಬೀಗ ಹಾಕಿ ತಿನ್ಸೋಕೆ ಅದೇನು ಪೊಲೀಸ್ ಠಾಣೆಯೇನೋ?" ಬುರುಲ್ಚಾ ದನಿ ಏರಿಸಿದ್ದು ಅದೇ ಮೊದಲಂತೆ. "ಹೋಗೋರು ಹೋಗ್ತಾರೆ ಕಣೋ. ಅವರಿಗೂ ಒಂದು ಕೊನೆ ಬೇಕು."

"ದಿನ ಗೊತ್ತುಮಾಡಿ ಆಗಿದೆ ಎಜೆ! ಈಗ ಏನಂತ ಬರೀಲಿ? ಅಜ್ಜಿ ಅಟ್ಟಿಸ್ಕೊಂಡು ಬರ್ತಾಳಾ?"

"ಇಲ್ಲ. ಅವಳು ಬರಲ್ಲ. ರೊಟ್ಟಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತಾಳೆ, ಅಷ್ಟೇ. ಇವನು ಎಷ್ಟು ದೂರ ನಡೆದು ತಿರುಗಿ ನೋಡಿದ್ರೂ ನಿಂತೇ ಇರ್ತಾಳೆ."

 ಉಲಾರ್‌ಬೆಕ್ ನಿಮಿರಿ ನಿಂತ ತನ್ನ ತೋಳಿನ ರೋಮ ತೋರಿಸಿದ.

ಅಜ್ಜಿಗೆ ದನಿ ಕೊಟ್ಟವರು ಸೋನುನ್ಬು. "ದೆವ್ವಕ್ಕೆ ನನ್ನ ದನೀನಾ? ಈ ವಯಸ್ಸಲ್ಲಿ ಇದೊಂದು ಬಾಕಿ ಇತ್ತು," ಎಂದು ಗೊಣಗಿದರೂ ತಲೆಗೆ ಹೊಸ ವಸ್ತ್ರ ಕಟ್ಟಿಕೊಂಡೇ ಬಂದರು. ಹೇಳಬೇಕಾದದ್ದು ಒಂದೇ ಮಾತು. "ಬಾಯಿಗೆ ಮುಟ್ಟಿಸಿ ಹೋಗು ಮಗನೇ." ಗೊತ್ತಾದ ದಿನವೇ ಆಟ ಹೊರಬಂತು. ಎಲ್ಲರೂ ಹೆಚ್ಚು ಮಾತಾಡುವುದು ಈ ಏಳನೆಯ ಅಂತ್ಯದ ಬಗ್ಗೆಯೇ. ಕೋಣೆಗೆ ಬೀಗ ಬಿದ್ದಿಲ್ಲ. ಮುಂದಿನ ಆಟದ ಮಾತು ನಡೆದಿದೆ. ಬುರುಲ್ಚಾರ ಗಂಟುಮೂಟೆ ಅಟ್ಟದ ಮೇಲೇ ಇದೆ.

ಈಗ ಹೊರಗೆ ಬೆಳಕಾಗಿದೆ; ಬೆಟ್ಟಗಳ ನೆತ್ತಿ ಕೆಂಪಗಿದೆ. ಸಣ್ಣಪುಟ್ಟ ತಿದ್ದುಪಡಿಯಾದಾಗಲೆಲ್ಲ ಏಳೂ ಅಂತ್ಯಗಳನ್ನು ಮತ್ತೆ ಜಗ್ಗಿ ನೋಡಬೇಕು. ಆರಕ್ಕೂ ಬಲಗೈ. ಏಳನೆಯದು ಬಂದಾಗ ಬಲಗೈ ಮಂಡಿಯ ಕೆಳಗೆ ಹೋಗುತ್ತದೆ. "ಇಷ್ಟಾದ್ರೂ ಇದು ಮಾತು ಕೇಳಲ್ಲ ನೋಡಿ," ಎಂದು ನಗುತ್ತಾರೆ. ಪ್ರಯಾಣಿಕ ಹೊಸ್ತಿಲು ದಾಟುತ್ತಾನೆ. ಅವನ ಹಿಂದೆ ಬಾಗಿಲು ಮುಚ್ಚುವುದಿಲ್ಲ. ಅಜ್ಜಿ ನಿಂತಷ್ಟು ಹೊತ್ತೂ ತೆರೆದೇ ಇರುತ್ತದೆ. ಅದನ್ನು ಹಾಗೆ ಮಾಡಿಸಿದವರೂ ಬುರುಲ್ಚಾ. ಬೇಗಾಯಿಮ್‌ಳ ಬೆನ್ನು ಬಿದ್ದು ಮಾಡಿಸಿದ್ದು.

ಯಾಕೆ ಎಂದು ಕೇಳಿದರೆ, ಮೇಜಿನ ಮೇಲಿನ ನಿಜವಾದ ರೊಟ್ಟಿಯಿಂದ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು ಹೇಳುತ್ತಾರೆ: "ಎಲ್ಲೋ ದೂರದಲ್ಲಿ, ನಮ್ಮ ರೀತಿ ರಿವಾಜು ಒಂದೂ ಗೊತ್ತಿಲ್ದೋರು ಯಾರಾದ್ರೂ, ಯಾರೂ ಹೇಳ್ಕೊಡದೇನೇ, ಅರ್ಧ ಅಂಗಳದಿಂದ ತಿರುಗಿ ಬಂದು ಆ ರೊಟ್ಟಿ ಮುಟ್ಟಿದ್ರೆ ಸಾಕು ನಂಗೆ. ಅದಕ್ಕೇ ಬಾಗಿಲು ತೆಗೆದಿಟ್ಟಿದ್ದೀನಿ."