ಇಂತಿಸಾರ್ ಕುಡಿಯದ ಕಾಫಿ

ಅಮ್ಮಾನ್‌ನ ನಮ್ಮ ಗುಡ್ಡದಲ್ಲಿ ಇಂತಿಸಾರಳ ಬಾಯಿಗೆ ಹೆದರದವರಿಲ್ಲ. ನಾನು ಕ್ಷೌರಿಕ, ದಿನವಿಡೀ ಜನರ ಕೊರಳಿಗೆ ಕತ್ತಿ ಹಿಡಿಯುವವನು, ನಾನೂ ಹೆದರುತ್ತೇನೆ. ವಾರಕ್ಕೆ ಮೂರು ಸಲ ಅವಳು ತಂದೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಡಯಾಲಿಸಿಸ್‌ಗೆ ತಳ್ಳಿಕೊಂಡು ಹೋಗುತ್ತಾಳೆ. ಆಸ್ಪತ್ರೆ ಪಕ್ಕದ ಕೇರಿಯಲ್ಲೇ ಇದೆ, ಆದರೆ ನಡುವೆ ಅಬು ದಿರಾರ್‌ನ ಹಿತ್ತಿಲ ಗೋಡೆ. ಹಾಗಾಗಿ ಹೆದ್ದಾರಿಯ ಅಂಚಿನಲ್ಲಿ ಅರ್ಧ ಗಂಟೆ ಸುತ್ತಬೇಕಿತ್ತು. ಒಂದು ಸಲ ಲಾರಿಯೊಂದು ಕುರ್ಚಿಯನ್ನು ಸವರಿಕೊಂಡೇ ಹೋಯಿತು. ಮುದುಕ ಉಳಿದದ್ದು ಪುಣ್ಯ.

ಕೇರಿಗಳನ್ನು ಕಾಲುದಾರಿಯಿಂದ ಜೋಡಿಸಲು ನಗರಸಭೆ ಹೊರಟಾಗ ಎಂಜಿನಿಯರ್ ರುಬಾ ಶಾಲೆಯ ಅಂಗಳದಲ್ಲಿ ನಕ್ಷೆ ಹರಡಿ, ಪೆನ್ಸಿಲನ್ನು ನಮ್ಮ ಕೈಗೇ ಕೊಟ್ಟಳು. ಇಂತಿಸಾರ್ ಸೀದಾ ಆ ಗೋಡೆಯ ಮೇಲೇ ಗೆರೆ ಎಳೆದಳು. ಮನೆಗೊಂದರಂತೆ ಎಲ್ಲರ ಸಹಿ ಬಿತ್ತು, ಅಬು ದಿರಾರ್‌ನದು ಬಿಟ್ಟು. ಗುರುವಾರ ಎರಡು ಗಂಟೆಯೊಳಗೆ ಅದೂ ಬಾರದಿದ್ದರೆ ದಾರಿ ಬೇರೆ ಗುಡ್ಡದ ಪಾಲು.

ಗುರುವಾರ ಒಂದು ಗಂಟೆಗೆ ನಾವು ಹತ್ತು ಗಂಡಸರು ಜಾಹಾ, ಅಂದರೆ ಊರ ಪರವಾಗಿ ಕೇಳಲು ಹೋಗುವ ತಂಡ, ಕಟ್ಟಿಕೊಂಡು ಅವನ ಮನೆಗೆ ಹೋದೆವು. ಮುಂದಾಳು ಎಂಬತ್ತೆರಡರ ಹಾಜಿ ಮುಫ್ಲಿಹ್. ಕಾಫಿ ಬಂದಾಗ ಮುಂದಾಳು ಕಪ್ಪನ್ನು ಹಾಗೇ ಕೆಳಗಿಡಬೇಕು. ಕೇಳಿದ್ದನ್ನು ಮನೆಯವನು ಕೊಟ್ಟಮೇಲೆಯೇ ಕುಡಿಯಬೇಕು. ಮೊದಲೇ ಕುಡಿದರೆ ಕೇಳಲು ಏನೂ ಇಲ್ಲವೆಂದೇ ಅರ್ಥ. ಕರೆಯದೆ ಬಂದ ಇಂತಿಸಾರ್ ಬಾಗಿಲಲ್ಲಿ ನಿಂತಿದ್ದಳು. ಅಬು ದಿರಾರ್‌ನ ಹೆಂಡತಿ ಅವಳ ಕೈಗೂ ಒಂದು ಕಪ್ಪು ಕೊಟ್ಟಳು.

ಏರು ಹತ್ತಿ ಬಂದ ಸುಸ್ತಿನಲ್ಲಿ ಹಾಜಿ ಕಪ್ಪೆತ್ತಿ ಒಂದೇ ಗುಟುಕಿಗೆ ಕುಡಿದುಬಿಟ್ಟರು!

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಆರೋಗ್ಯ ಆಗ್ಲಿ ಹಾಜಿ," ಅಬು ದಿರಾರ್ ಮೀಸೆಯಲ್ಲೇ ನಕ್ಕ. "ಬಂದಿದ್ದು ಸಂತೋಷ. ಮತ್ತೇನ್ ಸಮಾಚಾರ?"

ಗಡಿಯಾರ ಒಂದೂವರೆ ತೋರಿಸುತ್ತಿತ್ತು.

"ನನ್ ಕಪ್ಪು ಇನ್ನೂ ತುಂಬಿದೆ ಅಬು ದಿರಾರ್," ಎಂದಳು ಇಂತಿಸಾರ್.

"ಹೆಂಗಸ್ರು ಯಾವಾಗಿಂದಮ್ಮಾ ಜಾಹಾಕ್ಕೆ ಬರೋಕ್ ಶುರು ಮಾಡಿದ್ದು?"

"ಗಂಡಸ್ರು ಕೇಳೋಕ್ ಮುಂಚೆನೇ ಕುಡಿಯೋಕ್ ಶುರು ಮಾಡಿದ್ರಲ್ಲ, ಆವಾಗಿಂದ."

ಹಾಜಿ ತಲೆ ತಗ್ಗಿಸಿದರು.

"ದಾರಿ ಕೊಟ್ರೆ ಕಂಡೋರೆಲ್ಲ ನನ್ ಹಿತ್ಲಲ್ಲಿ ಇಣುಕ್ತಾರೆ," ಅಬು ದಿರಾರ್ ದನಿ ಏರಿಸಿದ. "ಮನೆ ಹೆಂಗಸ್ರ ಮರ್ಯಾದೆ ಏನಾಗ್ಬೇಕು?"

"ಯಾವ ಹೆಂಗಸ್ರು?" ಕಾಫಿಯ ಪಾತ್ರೆ ಹಿಡಿದಿದ್ದ ಉಮ್ ದಿರಾರ್ ಗಂಡನ ಎದುರು ಬಂದು ನಿಂತಳು. "ಈ ಮನೇಲಿರೋಳು ನಾನೊಬ್ಳೇ. ನನ್ನ ಯಾರ್ ಕೇಳಿದ್ರಿ? ಆ ಗೋಡೆ ಆಚೆ ನನ್ ತಂಗಿ ಇದಾಳೆ. ಅವಳು ಈರುಳ್ಳಿ ಹುರಿದ್ರೆ ನಂಗ್ ವಾಸನೆ ಬರುತ್ತೆ. ಅವಳ ಮುಖ ನೋಡೋಕೆ ಮಾತ್ರ ಟ್ಯಾಕ್ಸಿ ಹಿಡೀಬೇಕು!"

ಸಹಿಯ ಪಟ್ಟಿ ಹಿಡಿದು ಮನೆಮನೆ ತಿರುಗಿದವನು ನಾನೇ. ಈ ಮನೆಯಲ್ಲೂ ಯಜಮಾನನನ್ನಷ್ಟೇ ಕರೆದಿದ್ದೆ. ನಾಚಿಕೆಯಾಯಿತು.

ಅಬು ದಿರಾರ್ ಹೆಂಡತಿಯನ್ನು ನೋಡಿದ, ನೆಲ ನೋಡಿದ. ಇಂತಿಸಾರ್ ತುಂಬಿದ ಕಪ್ಪನ್ನು ಅವನ ಮುಂದೆ ಹಾಗೇ ಹಿಡಿದಿದ್ದಳು. ಎರಡಕ್ಕೆ ಇಪ್ಪತ್ತು ನಿಮಿಷವಿತ್ತು.

"ಕುಡಿ ತಂಗಿ, ಆರೋಗುತ್ತೆ," ಎಂದ ಇಂತಿಸಾರಳಿಗೆ.

"ಸಹಿ?"

"ಕುಡಿ ಅಂದ್ನಲ್ಲ!"

ಅವಳು ಕುಡಿದಳು. ಅಷ್ಟು ಜೋರಿನ ಹೆಂಗಸು ಅಳುವುದನ್ನು ನಾನು ಅಂದೇ ನೋಡಿದ್ದು.

ಅವನ ಸಹಿ ಬಿದ್ದ ಕಾಗದ ಹಿಡಿದು ಇಳಿಜಾರಿನಲ್ಲಿ ಓಡಿದೆ. ಕಚೇರಿಯ ಬಾಗಿಲು ಹಾಕುವ ಮುಂಚೆ ರುಬಾ ಮುದ್ರೆ ಒತ್ತಿದಳು. "ಕೆಲಸ ಬರೋ ವರ್ಷ ಶುರು," ಎಂದಳು. ನನಗೆ ಮೈಯೆಲ್ಲ ಉರಿಯಿತು. ಹಿಂದಿರುಗಿ ಹೇಳಿದಾಗ ಅಬು ದಿರಾರ್ ನನಗಿಂತ ಹೆಚ್ಚು ಉರಿದ.

"ಅಲ್ಲೀವರೆಗೂ ಆ ಮುದುಕ ಲಾರಿಗಳ ಮಧ್ಯೆನೇ ಹೋಗ್ಬೇಕೇನೋ?"

ಶನಿವಾರ ಬೆಳಿಗ್ಗೆ ಇಂತಿಸಾರ್ ತಂದೆಯನ್ನು ಕರೆದುಕೊಂಡು ಹೊರಟಾಗ ಗೋಡೆಯಲ್ಲಿ ಗಾಲಿಕುರ್ಚಿ ಹಿಡಿಯುವಷ್ಟು ಜಾಗ ಬಾಯಿ ತೆರೆದಿತ್ತು. ಅಬು ದಿರಾರ್ ಸುತ್ತಿಗೆ ಹಿಡಿದು, ಧೂಳಿನಲ್ಲಿ ಮಿಂದು, ಕಲ್ಲುಗಳನ್ನು ಕಾಲಿನಿಂದ ಸರಿಸುತ್ತಿದ್ದ. ಉಮ್ ದಿರಾರ್ ಎಲ್ಲರಿಗಿಂತ ಮೊದಲೇ ದಾಟಿ ತಂಗಿಯ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಳು.