ಬುಟ್ಟಿ ಸೇರಿದ ತಾರೀಕುಗಳು

1966ರ ಜೂನ್ ಮೊದಲ ವಾರದಲ್ಲಿ ದಾವಣಗೆರೆಯ ಪುಸ್ತಕ ಬೈಂಡರ್ ಕುತುಬುದ್ದೀನ್ ಅವರಿಗೆ ಕಾರ್ಡು ಬರೆದು, ಅವರ ಕಸುಬಿನ ನೆನಪುಗಳನ್ನು ದಾಖಲಿಸಿಕೊಳ್ಳಲು ಅನುಮತಿ ಕೇಳಿದ್ದೆ. ಹದಿನೈದು ದಿನಗಳ ನಂತರ ಉತ್ತರ ಬಂತು: “ಶುಕ್ರವಾರ ನಮಾಜು ಮುಗಿದ ಮೇಲೆ ಬನ್ನಿರಿ. ಹರಿಹರದಿಂದ ಕೆಂಚವೀರಪ್ಪನವರನ್ನೂ ಕರೆಸಿರುತ್ತೇನೆ. ಅವರಿಲ್ಲದೆ ನಾನು ಹೇಳುವುದು ಅರ್ಧವಾದೀತು.”

ನಾನು ಹೋದಾಗ ಇಬ್ಬರೂ ಅಂಗಡಿಯ ಚಾಪೆಯ ಮೇಲೆ ಕುಳಿತು ಆಗಲೇ ವಾದಕ್ಕಿಳಿದಿದ್ದರು. ಕುತುಬುದ್ದೀನರ ಪತ್ನಿ ಖತೀಜಾಬೀ ಒಳಬಾಗಿಲ ಬಳಿಯಿಂದ ಇಬ್ಬರನ್ನೂ ತಿದ್ದುತ್ತಿದ್ದರು. ಮೂವರ ಮಾತನ್ನೂ ಹೋಲಿಸಿ ನೋಡಿ ಇದನ್ನು ಬರೆದಿದ್ದೇನೆ.

ಕೆಂಚವೀರಪ್ಪ ಕಡರನಾಯಕನಹಳ್ಳಿಯ ಒಕ್ಕಲು ಮನೆತನದವರು. ಯುದ್ಧಕಾಲದಲ್ಲಿ ಸೈನ್ಯದ ಲಾರಿ ಓಡಿಸಿ, ಹಿಂತಿರುಗಿದ ಮೇಲೆ ಹರಿಹರದಲ್ಲಿ ಮನೆ ಮಾಡಿ, ರೈಲಿನಲ್ಲಿ ಓಡಾಡುತ್ತ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದರು. 1944ರ ಚಳಿಗಾಲದಲ್ಲಿ ಇಟಲಿಯ ಹಳ್ಳಿಯೊಂದರಲ್ಲಿ ಅವರ ತುಕಡಿ ತಂಗಿದ್ದ ಮನೆಯ ಒಡತಿ ಒಬ್ಬ ವಿಧವೆ. ಅವಳ ಒಬ್ಬನೇ ಮಗ ಫ್ಯಾಸಿಸ್ಟರ ಕರಿಯಂಗಿ ತೊಟ್ಟು ಹೋದವನು ಮರಳಿರಲಿಲ್ಲ. ಅವನ ಫೋಟೋದ ಹಿಂದೆ ಹುಟ್ಟಿದ ವರ್ಷ ಬರೆದಿತ್ತು: 1926. ಅದನ್ನು ದಿನವೂ ತೋರಿಸಿ, ಅರ್ಧ ಮಾತು ಅರ್ಧ ಕೈಸನ್ನೆಯಲ್ಲಿ ಆಕೆ ಒಂದೇ ಪ್ರಶ್ನೆ ಕೇಳುತ್ತಿದ್ದಳು: ಇವನು ನನ್ನ ಕೈತಪ್ಪಿದ್ದು ಯಾವತ್ತು? ನಾನು ಎಲ್ಲಿ ಎಡವಿದೆ?

“ಆ ಯಮ್ಮ ನನಗೆ ರೊಟ್ಟಿ ಕೊಟ್ಟಾಳ್ರಿ. ನಾ ಒಂದು ಉತ್ತರ ಕೊಡಲಿಲ್ಲ,” ಎಂದರು ಕೆಂಚವೀರಪ್ಪ.

ಉತ್ತರ ಹುಡುಕಲು ಓದಬೇಕಿತ್ತು. ಅವರಿಗೆ ಓದಲು ಬರುತ್ತಿದ್ದುದು ಕನ್ನಡವೊಂದೇ. ಫ್ಯಾಸಿಸ್ಟರು ಹೇಗೆ ಬೆಳೆದರೆಂದು ಹೇಳುವ ಕನ್ನಡ ಪುಸ್ತಕ ಎರಡೂ ಊರಿನ ವಾಚನಾಲಯಗಳಲ್ಲಿ ಅವರ ಕೈಗೆ ಸಿಗಲಿಲ್ಲ. 1957ರಲ್ಲಿ ಮಗಳ ಪಠ್ಯಪುಸ್ತಕಕ್ಕೆ ರಟ್ಟು ಹಾಕಿಸಲು ಬಂದವರು, ಕುತುಬುದ್ದೀನರ ಅಂಗಡಿಯಲ್ಲಿದ್ದ ಹಳೆಯ ಪತ್ರಿಕೆಗಳ ರಾಶಿಯನ್ನು ಕಂಡರು. ವ್ಯಾಪಾರಿಗಳ ಅಟ್ಟದಿಂದ ತೂಕಕ್ಕೆ ಬಂದ ಆ ರದ್ದಿಯಲ್ಲಿ ಮೂವತ್ತು ನಲವತ್ತು ವರ್ಷ ಹಿಂದಿನ ಕನ್ನಡ, ಉರ್ದು ಪತ್ರಿಕೆಗಳಿದ್ದವು. ರಟ್ಟಿನ ಒಳಮೈಗೆ ಅವನ್ನೇ ಅಂಟಿಸುತ್ತಿದ್ದರು.

“ಸಾಬ್ರೆ, ಇಟಲಿ ಸುದ್ದಿ ಕಂಡ್ರೆ ಅಂಟು ಹಚ್ಚಬ್ಯಾಡ್ರಿ, ನನಗಿಡ್ರಿ.”

ಕುತುಬುದ್ದೀನ್ ನಾಲ್ಕು ವರ್ಷ ಇಟ್ಟರು. ಅವರು ಓದಿದ್ದು ಕನ್ನಡ ಶಾಲೆಯಲ್ಲಿ; ಉರ್ದು ಓದಲು ಬರುತ್ತಿರಲಿಲ್ಲ. ಉರ್ದು ಹಾಳೆಗಳನ್ನು ಆರಿಸಿದ್ದು ಖತೀಜಾಬೀ. ಅರವತ್ತೆರಡು ಹಾಳೆಗಳಾದ ಮೇಲೆ ಕೆಂಚವೀರಪ್ಪನವರಿಗೆ ತಿಳಿಸದೆಯೇ ಅವನ್ನು ಹೊಲಿದು, ಅಂಚು ಸವರಿ, ಕೆಂಪು ಕ್ಯಾಲಿಕೋ ಬಟ್ಟೆಯ ಹೊದಿಕೆ ಹಾಕಿ ಕೈಗಿತ್ತರು.

ಕೆಂಚವೀರಪ್ಪ ಮೊದಲ ಹಾಳೆ ತಿರುವಿದರು, ಹತ್ತನೆಯದು ತಿರುವಿದರು.

“ತಾರೀಕು ಎಲ್ಲೈತ್ರಿ?”

ಪತ್ರಿಕೆಯ ತಾರೀಕು ನೆತ್ತಿಯಂಚಿನಲ್ಲಿರುತ್ತದೆ. ಅಂಚು ಸಮನಾಗಿಸಲು ಕುತುಬುದ್ದೀನ್ ಒಂದು ಬೆರಳಗಲ ಕತ್ತರಿಸಿದ್ದರು. ಹಾಳೆಗಳನ್ನು ಜೋಡಿಸಿದ್ದಂತೂ ಅಳತೆಯ ಪ್ರಕಾರ. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯುವ ದಾರಿಯೇ ಉಳಿದಿರಲಿಲ್ಲ. ಕೆಂಚವೀರಪ್ಪನವರಿಗೆ ಬೇಕಾಗಿದ್ದುದು ಅದೊಂದೇ.

“ಕತ್ತರಿಸಿದ ಚೂರು?” ಎಂದು ಕುತುಬುದ್ದೀನ್ ಹೆಂಡತಿಯ ಕಡೆ ತಿರುಗಿದರು.

ಖತೀಜಾಬೀ ಒಳಗಿಂದ ಬುಟ್ಟಿಯೊಂದನ್ನು ತಂದಿಟ್ಟರು. ಚೂರುಗಳನ್ನು ಮೆಂತ್ಯದೊಂದಿಗೆ ನೆನೆಸಿ, ರುಬ್ಬಿ, ಬಿದಿರಿನ ಬುಟ್ಟಿಗೆ ದಪ್ಪಗೆ ಮೆತ್ತಿ ಒಣಗಿಸಿದ್ದರು. ಅದರ ತುಂಬ ಈರುಳ್ಳಿ.

ಕೆಂಚವೀರಪ್ಪ ಬುಟ್ಟಿಯನ್ನು ಸುತ್ತ ತಿರುಗಿಸಿ ನೋಡಿದರು. “ಹಂಗಾದ್ರೆ ಇಟಲಿ ಚರಿತ್ರೆ ಎಲ್ಲಾ ಅಕ್ಕಾರ ಈರುಳ್ಳಿ ಕೆಳಗೈತೆ ಅನ್ರಿ.”

“ನಗಬ್ಯಾಡ ಕೆಂಚಣ್ಣ, ನನಗೆ ಅಳು ಬರ್ತೈತೆ,” ಎಂದರಂತೆ ಕುತುಬುದ್ದೀನ್.

ತಾನು ಹೊಲಿದ ಪುಸ್ತಕವನ್ನು ಬೈಂಡರ್ ತಾನೇ ಬಿಚ್ಚುವುದಿಲ್ಲ. ಆದರೂ ಮಾರನೆಯ ಶುಕ್ರವಾರ ಕುತುಬುದ್ದೀನ್ ದಾರ ಕತ್ತರಿಸಿ ಅರವತ್ತೆರಡನ್ನೂ ಚಾಪೆಯ ಮೇಲೆ ಹರಡಿದರು. ಅಲ್ಲಿಂದ ಮುಂದೆ ಏಳು ತಿಂಗಳು, ಶುಕ್ರವಾರ ಪಾಳಿ ಮುಗಿದೊಡನೆ ಕೆಂಚವೀರಪ್ಪ ಬರುತ್ತಿದ್ದರು. ಸಂಜೆಯ ರೈಲಿನವರೆಗೆ ಮೂವರೂ ಗಟ್ಟಿಯಾಗಿ ಓದುತ್ತಿದ್ದರು. ಒಳಗಿನ ಸುದ್ದಿಯೇ ಕೆಲವು ದಿನಾಂಕಗಳನ್ನು ಹೇಳುತ್ತಿತ್ತು. ಅಧಿಕಾರ ಹಿಡಿಯಲು ರೋಮಿನ ಮೇಲೆ ಕರಿಯಂಗಿಯವರು ಮಾಡಿದ ದಂಡಯಾತ್ರೆ 1922ರ ಅಕ್ಟೋಬರ್ 28. ಅದರ ಹಿಂದೆ, ಮುಂದೆ ಎಂದು ಉಳಿದವನ್ನು ಜೋಡಿಸಿದರು. ಗೊತ್ತಾಗದ ಕಡೆ ಖಾಲಿ ಹಾಳೆ ಇಟ್ಟರು.

ಕೊನೆಗೆ ಉಳಿದದ್ದು ಒಂದು ಉರ್ದು ಹಾಳೆ. ಖತೀಜಾಬೀ ಓದುತ್ತಾ ಕನ್ನಡದಲ್ಲಿ ಹೇಳಿದರು: ಮಿಲಾನ್ ಪಟ್ಟಣದಲ್ಲಿ ಫ್ಯಾಸಿಸ್ಟರು ತಮ್ಮನ್ನು ವಿರೋಧಿಸಿದ ಪತ್ರಿಕೆಯೊಂದರ ಕಚೇರಿಗೆ ನುಗ್ಗಿ ಧ್ವಂಸ ಮಾಡಿದರು, ಬೆಂಕಿಯಿಟ್ಟರು. ಅದು ನಡೆದ ದಿನ, ವರ್ಷ ಎರಡೂ ಸುದ್ದಿಯೊಳಗೇ ಇದ್ದವು. ರೋಮಿನ ದಂಡಯಾತ್ರೆಗೆ ಮೂರೂವರೆ ವರ್ಷ ಮೊದಲು.

“ಮೊದಲು ಸುಟ್ಟಿದ್ದು ಕಾಗದಾನಾ?” ಎಂದರು ಕುತುಬುದ್ದೀನ್.

ಕೆಂಚವೀರಪ್ಪ ಬೆರಳು ಮಡಚಿ ಎಣಿಸಿದರು. “ಆಗ ಆ ಹುಡುಗ ಹುಟ್ಟಿರ್ಲಿಲ್ರಿ,” ಎಂದರು. ಆಮೇಲೆ ಖತೀಜಾಬೀ ಕಡೆ ತಿರುಗಿ: “ಅಕ್ಕಾರೆ, ಆ ತಾಯಿ ಒಬ್ಬಾಕಿ ಎಡವಿದ್ದಲ್ಲ. ತಡೆಯೋರು ತಡೆಯೋಕೆ ಅವನು ಹುಟ್ಟೋಕೂ ಮೊದಲೇ ಟೈಮ್ ಇತ್ತು.”

ಇಟಲಿಯ ಆ ತಾಯಿಯ ವಿಳಾಸ ಅವರಲ್ಲಿರಲಿಲ್ಲ; ಹೇಳಲು ಆಕೆ ಸಿಗುವಂತಿರಲಿಲ್ಲ. ಖತೀಜಾಬೀ ಅಂದು ಅವರಿಗೆ ಊಟ ಬಡಿಸಿಯೇ ಕಳಿಸಿದರು.

ಎರಡನೆಯ ಬಾರಿ ಹೊಲಿದ ಸಂಪುಟದ ಅಂಚನ್ನು ಕುತುಬುದ್ದೀನ್ ಸವರಲಿಲ್ಲ. ಹಾಳೆಗಳು ಹೆಚ್ಚುಕಡಿಮೆಯಾಗಿ ಚಾಚಿಕೊಂಡಿವೆ. ಈಗ ಮೊದಲನೆಯದಾಗಿರುವ ಉರ್ದು ಹಾಳೆಯ ನೆತ್ತಿಗೆ ಅವರು ಒಂದು ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಕನ್ನಡದಲ್ಲಿ ಬರೆದಿರುವುದನ್ನು ಇದ್ದಂತೆಯೇ ನಕಲು ಮಾಡಿಕೊಂಡಿದ್ದೇನೆ: “ಮಿಲಾನ್. ಪತ್ರಿಕಾ ಕಚೇರಿಗೆ ಬೆಂಕಿ. 15 ಏಪ್ರಿಲ್ 1919.”