ತುಪ್ಪಳದ ಚೀಲಕ್ಕೆ ಕಾಲು ತಾಗಿತು

ಸ್ವಲ್ಪ ತಡೆಯಿರಿ, ಇದನ್ನು ಕೇಳಿ ಮುಂದೆ ಹೋಗಿ. ಅಮೆರಿಕದ ಷಾರ್ಲಟ್ ನಗರದಿಂದ ಬೆಟ್ಟದ ಕಡೆ ಹೊರಟ ನಾನೂ ಗೆಳತಿ ಶ್ರುತಿಯೂ ದಾರಿಯ ಪುಟ್ಟ ಮ್ಯೂಸಿಯಂ ಒಂದಕ್ಕೆ ನುಗ್ಗಿದೆವು. ಇಲ್ಲಿನ ಮೂಲನಿವಾಸಿಗಳಾದ ಚೆರೋಕೀ ಜನರಿಂದ ಚರ್ಮ ಕೊಳ್ಳುತ್ತಿದ್ದ ಹಳೆಯ ಕಾಲದ ವ್ಯಾಪಾರಿಯೊಬ್ಬನ ಸಾಮಾನು ನೆಲದ ಮೇಲೇ ಇತ್ತು: ತಾಮ್ರದ ಕೆಟಲ್, ಗಾಜಿನ ಮಣಿಗಳು, ಬೈಬಲ್ ಇಟ್ಟ ತುಪ್ಪಳದ ಚೀಲ. ಫೋಟೋ ತೆಗೆಯುವಾಗ ಚೀಲಕ್ಕೆ ಕಾಲು ತಾಗಿತು. ಯೋಚಿಸುವ ಮೊದಲೇ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಮ್ಯೂಸಿಯಂ ನೋಡಿಕೊಳ್ಳುವ ಅಮೆರಿಕನ್ ಅಜ್ಜಿ ಓಡಿಬಂದರು. ಹುಳ ಹಿಡಿಯದಿರಲೆಂದು ಹಳೆಯ ತುಪ್ಪಳಕ್ಕೆ ಆರ್ಸೆನಿಕ್ ವಿಷ ಹಚ್ಚಿರುತ್ತಾರಂತೆ.

"ನಮಸ್ಕಾರ ಮಾಡೋಕೆ ನಿಂಗೆ ಪಾಯ್ಸನ್ನೇ ಸಿಗ್ಬೇಕಿತ್ತಾ?" ಎಂದು ಬೈಯುತ್ತಲೇ ಶ್ರುತಿ ನನ್ನ ಕಣ್ಣಿಗೆ ನೀರು ಸುರಿದಳು.

ಈಗ ಅರ್ಜೆಂಟ್ ಕೇರ್ ಕ್ಲಿನಿಕ್‌ನಲ್ಲಿ ಕೂತಿದ್ದೇನೆ. ಎಡಗಣ್ಣು ಉರಿಯುತ್ತಿದೆ, ಉಜ್ಜಿದ್ದಕ್ಕೋ ವಿಷಕ್ಕೋ ತಿಳಿಯದು. ಮುಟ್ಟಿದ ಕೈ ಕಣ್ಣಿಗೇಕೆ ಹೋಯಿತು ಎಂದು ನರ್ಸ್ ಕೇಳುತ್ತಿದ್ದಾರೆ. ಅಮೆರಿಕದಲ್ಲಿರುವ ಕನ್ನಡಿಗರೇ, ನೀವು ಇದನ್ನು ಇಲ್ಲಿನವರಿಗೆ ಹೇಗೆ ವಿವರಿಸಿದ್ದೀರಿ? ಬೇಗ ಬರೆಯಿರಿ, ಅವರು ಕಾಯುತ್ತಿದ್ದಾರೆ.